ತಿನ್ನದವರು ಮೀನು ಕೊಂಡದ್ದು

ಮೀನು ತಿನ್ನದ ಮನೆಯವರು ಮೀನು ಕೊಳ್ಳಲು ಹೊರಟರೆ ಏನಾದರೊಂದು ಆಗಿಯೇ ತೀರುತ್ತದೆ. ನಮ್ಮಲ್ಲಂತೂ ಅದು ಆಗದೆ ಉಳಿದ ಸಲವೇ ಇಲ್ಲ.

ಪುಣೆಯಲ್ಲಿ ನಾವಿದ್ದದ್ದು ಮರಾಠಿ ಅಜ್ಜರೊಬ್ಬರ ಮನೆಯ ಮಹಡಿಯ ಮೇಲೆ, ಬಾಡಿಗೆಗೆ. ಅಪ್ಪ ಕಾಳಿನ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತ. ಆ ಸಾಹುಕಾರರು ಮನೆ ಬದಲಿಸುವಾಗ ತಮ್ಮ ಗಾಜಿನ ಮೀನಿನ ತೊಟ್ಟಿಯನ್ನು ಅಪ್ಪನಿಗೆ ಕೊಟ್ಟರು. ಖಾಲಿ ತೊಟ್ಟಿ. ಅವ್ವ ಅದನ್ನು ಕಂಡ ಕೂಡಲೇ, "ಉಳ್ಳಾಗಡ್ಡಿ ಹಾಕಾಕ ಚಲೋ ಆತು" ಅಂದಳು.

ನಾನಾಗ ಕಾಲೇಜಿನಲ್ಲಿದ್ದೆ. ಕಲಿತದ್ದು ಇಂಗ್ಲಿಷ್ ಶಾಲೆ, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಹೀಗಾಗಿ ನನಗೆ ಮೂರು ಭಾಷೆಯಲ್ಲೂ ಸುಮ್ಮನಿರಲು ಬರುತ್ತಿತ್ತು. ಅವತ್ತು ಮಾತ್ರ ಬಾಯಿ ತೆರೆದು, "ಮೀನು ಸಾಕೋಣು" ಅಂದೆ. ಮನೆಗೆ ಬಂದವರೆಲ್ಲ "ಯಾಕವಾ, ಮಾತ ಆಡಂಗಿಲ್ಲಲ್ಲ?" ಎಂದು ಕೇಳುತ್ತಿದ್ದರು. ಮೀನು ಹಾಗೆ ಕೇಳುವುದಿಲ್ಲ.

ಅವ್ವ ಒಪ್ಪಿದಳು. ಕರಾರು ಇಷ್ಟೇ: ಮೀನು ಅಗ್ಗ ಇರಬೇಕು, ಬಾಳಿಕೆ ಬರಬೇಕು. ಇಲ್ಲವಾದರೆ ತೊಟ್ಟಿ ಉಳ್ಳಾಗಡ್ಡಿಗೆ.

ಕೊಸರು

ಸ್ವಾರಗೇಟಿನ ಹಿಂದೊಂದು ಮೀನಿನ ಅಂಗಡಿ. ಅವ್ವ ಕಾಯಿಪಲ್ಲೆಯ ಚೀಲ ಹಿಡಿದೇ ಬಂದಳು. ಅಂಗಡಿಯವನೊಂದಿಗೆ ಮಾತು ಮರಾಠಿಯಲ್ಲಿ ನಡೆಯಿತು. ಅವ್ವನ ಮರಾಠಿ ಕನ್ನಡದಂತೆಯೇ ಕೇಳಿಸುವುದರಿಂದ ಕನ್ನಡದಲ್ಲೇ ಬರೆಯುತ್ತೇನೆ.

"ಇಷ್ಟ ಸಣ್ಣ ಮೀನಕ್ಕ ಇಷ್ಟ ರೇಟ?"

"ಮಾವಶಿ, ಮನೆಗೆ ಹೋದ ಮೇಲೆ ದೊಡ್ಡದಾಗುತ್ತದೆ."

"ದೊಡ್ಡದು ಮಾಡಾಕಿ ನಾನು. ಅದಕ್ಕ ನೀ ಯಾಕ ರೊಕ್ಕ ತಗೋತಿ?"

ಅಂಗಡಿಯವನು ಜಾಲರಿ ಕೈಗೆತ್ತಿಕೊಂಡ. ಬೆರಳ ಉಗುರಿನಷ್ಟು ಉದ್ದದ ನಾಲ್ಕು ಚಿನ್ನದ ಮೀನು ಅರ್ಧ ರೇಟಿಗೆ ಬಂದವು. ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ ರಬ್ಬರ್ ಹಾಕಿಕೊಟ್ಟ. ಅವ್ವ ಕದಲಲಿಲ್ಲ.

"ಕೊಸರು?"

ನಮ್ಮ ಕಡೆ ಬದನೆಕಾಯಿ ತೂಗಿದ ಮೇಲೆ ಒಂದೆರಡು ಮೇಲೆ ಹಾಕದಿದ್ದರೆ ವ್ಯಾಪಾರ ಮುಗಿದಂತೆಯೇ ಅಲ್ಲ. ಆ ಮನುಷ್ಯ ಮೀನಿಗೆ ಕೊಸರು ಕೇಳಿದವರನ್ನು ಅಲ್ಲಿಯತನಕ ಕಂಡಿರಲಿಲ್ಲ. ನಮ್ಮ ಹಿಂದೆ ಗಿರಾಕಿಗಳು ಸಾಲುಗಟ್ಟಿದ್ದರು. ಮೂಲೆಯ ತೊಟ್ಟಿಯಿಂದ ಒಂದು ಕರಿಯ ಮರಿ ತೆಗೆದು ಚೀಲಕ್ಕೆ ಹಾಕಿ ಕೈಮುಗಿದ.

ಮನೆಯಲ್ಲಿ ಕೊಸರು ಬೆಳೆಯಿತು. ಕೊಂಡವು ಒಂದೊಂದಾಗಿ ಕಾಣೆಯಾದವು. ಕೊನೆಗೆ ಕೊಸರೊಂದೇ ಉಳಿಯಿತು, ಭಾಳ ಪುಷ್ಟವಾಗಿ. ಅವ್ವ ಅದನ್ನು ಎತ್ತಿಕೊಂಡು ಅಂಗಡಿಗೆ ಹೋದಳು.

"ಮಾವಶಿ, ಅದು ಮೀನು ತಿನ್ನೋ ಜಾತಿಯ ಮೀನು."

"ಹಂಗಾರ ನೀನ ಇಟ್ಕೊಳಪ್ಪ," ಅಂದಳು ಅವ್ವ. "ನಮ್ಮನ್ಯಾಗ ಅದು ನಡ್ಯಂಗಿಲ್ಲ."

ಅಜ್ಜನ ಎಣಿಕೆ

ಕೊಸರು ವಾಪಸಾಗುವ ಮೊದಲು ನಡೆದ ಸಂಗತಿಯೊಂದಿದೆ. ಮನೆ ಕೊಡುವಾಗ ಅಜ್ಜ ಒಂದೇ ಮಾತು ಹೇಳಿದ್ದರು: ಮಾಂಸ, ಮೀನು, ತತ್ತಿ ಒಳಗೆ ಬರಕೂಡದು. ನಾವು ಮೀನಿನ ಚೀಲ ಹಿಡಿದು ಬಂದಾಗ ಅವರು ಮೆಟ್ಟಿಲಲ್ಲೇ ನಿಂತಿದ್ದರು.

"ತಿನ್ನಾಕಲ್ರೀ, ನೋಡಾಕ," ಅಂದ ಅಪ್ಪ.

"ಮೊದಮೊದಲು ಎಲ್ಲರೂ ನೋಡೋದಕ್ಕೇ ತರೋದು," ಅಂದರು ಅಜ್ಜ.

ಅಂದಿನಿಂದ ದಿನಾ ಸಂಜೆ ಮೇಲೆ ಬಂದು ಮೀನು ಎಣಿಸತೊಡಗಿದರು. ಒಂದು ಕಡಿಮೆಯಾಯಿತು. ಅಜ್ಜ ತೊಟ್ಟಿ ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ಅಡುಗೆಮನೆ ನೋಡಿದರು.

"ತೀರಿಕೊಂಡತ್ರಿ."

"ಹೆಣ?"

ಹೆಣವಿರಲಿಲ್ಲ. ಅದು ಕೊಸರಿನ ಹೊಟ್ಟೆಯಲ್ಲಿದೆ ಎಂಬುದು ನಮಗಿನ್ನೂ ತಿಳಿದಿರಲಿಲ್ಲ. ಎರಡನೆಯದೂ ಹೋದ ಮೇಲೆ ಅಪ್ಪನಿಗೆ ತಡೆಯಲಾಗಲಿಲ್ಲ. "ನಾಳೆ ನಮ್ಮನ್ಯಾಗ ಊಟಕ್ಕ ಬರ್ರಿ, ನಿಮ್ಮ ಕಣ್ಣಲೇ ನೋಡ್ರಿ" ಎಂದು ಕರೆದ.

ಅಜ್ಜ ಹೇಳಿದ ಹೊತ್ತಿಗೆ ಬಂದರು. ಅವ್ವ ಬಡಿಸಿದ್ದನ್ನೆಲ್ಲ ಬಗ್ಗಿ ನೋಡಿ, "ಚೆನ್ನಾಗಿದೆ" ಅಂದರು. ಆಮೇಲೆ ಕೋಟಿನೊಳಗಿಂದ ತಮ್ಮ ಊಟದ ಡಬ್ಬಿ ತೆಗೆದು ನಮ್ಮ ಜೊತೆ ಕೂತು ಉಂಡರು.

ಬಾವಿಯ ತಳಿ

ಸಿಂದಗಿ ಕಡೆಯಿಂದ ಮಾಮಾ ಬಂದ. ಅವ್ವನ ತಮ್ಮ, ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ.

"ರೊಕ್ಕ ಕೊಟ್ಟು ಮೀನ ತಂದಿ? ಅಕ್ಕಾ, ನಮ್ಮ ಬಾವ್ಯಾಗ ಬೊಗಸಿ ಹಾಕಿದ್ರ ಬೊಗಸಿ ತುಂಬತಾವು."

ಮುಂದಿನ ಸಲ ಹಾಲಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಇಡೀ ದಾರಿ ನಿದ್ದೆ ಮಾಡದೆ ಸ್ವಾರಗೇಟಿನಲ್ಲಿ ಇಳಿದ. ಕ್ಯಾನಿನ ತುಂಬ ಕಪ್ಪಗೆ, ಗುಂಡಗೆ, ಪುಟ್ಟ ಬಾಲದವು.

"ಬಣ್ಣನ ಇಲ್ಲಲ್ಲೋ?"

"ಬಣ್ಣ ಹಚ್ಚೋದು ಪುಣೆ ಮೀನಕ್ಕ. ಇವು ಒರಿಜಿನಲ್."

ಒಂದೂ ಸಾಯಲಿಲ್ಲ. ಅವ್ವನಿಗೆ ಖುಷಿ, ಅಜ್ಜನಿಗೆ ನೆಮ್ಮದಿ. ಒಂದು ಸಂಜೆ ಅಜ್ಜ ಎಣಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಎಣಿಕೆ ಸರಿ ಇದೆ. ಆದರೆ ಇವಕ್ಕೆ ಕಾಲು ಬರುತ್ತಿವೆ."

ಅವು ಕಪ್ಪೆಯ ಮರಿಗಳೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಶಾಲೆಯ ಪುಸ್ತಕದಲ್ಲಿ ಚಿತ್ರವಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ.

ಮಾಮಾನಿಗೆ ಫೋನು ಮಾಡಿ ಅವ್ವ ಬೈದಳು. ಅವನು ಸಮಾಧಾನವಾಗಿ ಕೇಳಿಸಿಕೊಂಡು, "ಒಂದರ ಸತ್ತತೇನು? ಮತ್ತ!" ಅಂದ.

ನೋಡಲು ಬಂದವರು

ಕಪ್ಪೆಗಳನ್ನು ನಾಲೆಗೆ ಬಿಟ್ಟು ಬಂದೆವು. ಅವ್ವ ತೊಟ್ಟಿ ಒರೆಸಿ, ಉಳ್ಳಾಗಡ್ಡಿಯ ಚೀಲವನ್ನು ತಂದು ಅದರ ಪಕ್ಕಕ್ಕಿಟ್ಟಳು. "ಇನ್ನೊಂದ ಸಲ, ಅವ್ವಾ" ಅಂದೆ. "ಇದ ಕಡೀದು" ಅಂದಳು.

ಕಾಲೇಜಿನ ಹತ್ತಿರದ ಸೈಬರ್ ಕೆಫೆಯಲ್ಲಿ ಹುಡುಕಿದೆ. ಕೋಥರೂಡಿನ ಹುಡುಗನೊಬ್ಬ ಮನೆಯಲ್ಲೇ ಗಪ್ಪಿ ಮೀನು ಮರಿ ಮಾಡಿಸುತ್ತಿದ್ದ; ಒಳ್ಳೆಯ ಮನೆ ಸಿಕ್ಕರೆ ಪುಕ್ಕಟೆ ಕೊಡುತ್ತೇನೆಂದು ಬರೆದಿದ್ದ. ಇ-ಮೇಲ್‌ನಲ್ಲಿ ಮಾತಾಡುವ ಕಷ್ಟವಿಲ್ಲ. ನಾನು ಪುಟಗಟ್ಟಲೆ ಬರೆದೆ. ಅವನದೊಂದು ನಿಯಮವಿತ್ತು: ಮೀನು ಹೋಗುವ ಮನೆಯನ್ನು ತಾನೇ ನೋಡಬೇಕು. ರವಿವಾರ ತಾಯಿಯನ್ನು ಕರೆದುಕೊಂಡು ಬರುತ್ತೇನೆ ಎಂದ.

ರವಿವಾರ ಒಬ್ಬ ಹುಡುಗ ತಾಯಿಯ ಜೊತೆ ಬರುತ್ತಾನೆಂದರೆ ಏನು ಮಾಡಬೇಕೆಂದು ಅವ್ವನಿಗೆ ಒಂದೇ ರೀತಿ ಗೊತ್ತಿತ್ತು. ಉಪ್ಪಿಟ್ಟು, ಶಿರಾ ಮಾಡಿದಳು. ನನಗೆ ಸೀರೆ ಉಡಿಸಿದಳು.

"ಮೀನಕ್ಕ ಸೀರಿ ಯಾಕವ್ವಾ?"

"ಮೀನಕ್ಕಲ್ಲ. ಮನಿ ಮರ್ಯಾದಿಗೆ."

ವಾಸನೆ ಕೆಳಗೆ ಹೋಯಿತು. ಅಜ್ಜ ಕರಿ ಟೋಪಿ, ಕೋಟು ಹಾಕಿಕೊಂಡು ಕರೆಯದೆ ಮೇಲೆ ಬಂದು, ನಮ್ಮ ಕಡೆಯ ಹಿರಿಯರಾಗಿ ಅಪ್ಪನ ಪಕ್ಕ ಕೂತರು. ಅಷ್ಟು ಸಿದ್ಧವಾಗಿ ಬಂದವರಿಗೆ ಇದು ಹೆಣ್ಣು ನೋಡುವ ಶಾಸ್ತ್ರವಲ್ಲ ಎಂದು ಹೇಳಲು ಯಾರಿಗೂ ಮನಸ್ಸಾಗಲಿಲ್ಲ.

ಹುಡುಗ ಬಂದವನೇ ನನ್ನ ಕಡೆ ನೋಡದೆ ತೊಟ್ಟಿಯ ಹತ್ತಿರ ಹೋದ. ತೊಟ್ಟಿಗೆಂದು ನಾನು ತುಂಬಿಟ್ಟಿದ್ದ ಬಕೆಟ್ಟಿನ ನೀರಿಗೆ ಪರೀಕ್ಷೆಯ ಕಾಗದದ ಪಟ್ಟಿಯೊಂದನ್ನು ಅದ್ದಿ, ಬಣ್ಣ ತಿರುಗುವುದನ್ನು ಕಾದ. ಅಜ್ಜ ಅಪ್ಪನ ಕಿವಿಯಲ್ಲಿ, "ಇವರಲ್ಲಿ ಮೊದಲು ನೀರು ನೋಡುವ ಪದ್ಧತಿಯೋ?" ಎಂದು ಕೇಳಿದರು.

"ಹೌದ್ರಿ," ಅಂದ ಅಪ್ಪ.

ಹುಡುಗ ಎದ್ದು ನಿಂತ. "ಹಿಂದಿನ ಮೀನೆಲ್ಲ ಹೋದವು ಅಂತ ಬರೆದಿದ್ದಿರಿ. ಮತ್ತೆ ಯಾಕೆ ಕೊಡಬೇಕು? ನೋಡಿಕೊಳ್ಳುವವರೇ ಹೇಳಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಉಳ್ಳಾಗಡ್ಡಿಯ ಚೀಲವೂ ನೋಡುತ್ತಿರುವಂತೆ ಕಂಡಿತು. ನಾನು ಶುರು ಮಾಡಿದೆ. ನಲ್ಲಿ ನೀರನ್ನು ಔಷಧಿ ವಾಸನೆ ಹೋಗುವ ತನಕ ತೆರೆದಿಡುವುದು, ನೀರೆಲ್ಲ ಒಮ್ಮೆಗೇ ಬದಲಿಸಬಾರದು, ಚಿಟಿಕೆಗಿಂತ ಹೆಚ್ಚು ಕಾಳು ಹಾಕಬಾರದು, ಮರಿ ಹಾಕುವ ಮೀನಿಗೆ ಗಿಡ ಬೇಕು. ಮರಾಠಿಯಲ್ಲಿ ಹೇಳಿದೆ, ನಡುವೆ ಇಂಗ್ಲಿಷು, ಕೊನೆಗೆ ಕನ್ನಡ. ನಿಲ್ಲಿಸಲು ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಶಿರಾದ ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

"ಹುಡುಗಿಗೆ ಮಾತು ಬರುತ್ತದೆ!" ಎಂದು ಅಜ್ಜ ಎಲ್ಲರಿಗೂ ತಿಳಿಸಿದರು.

ಹುಡುಗ ತಾಯಿಯ ಮುಖ ನೋಡಿದ. ಆಕೆ ನಕ್ಕು, "ನಮಗೆ ಒಪ್ಪಿಗೆ" ಅಂದರು.

ಅಜ್ಜ ಟೋಪಿ ಸರಿಮಾಡಿಕೊಂಡರು. "ಹಾಗಾದರೆ ಕೊಡುವ ಮಾತು ಈಗಲೇ ಆಗಿಬಿಡಲಿ. ನಿಮ್ಮದೇನು ಅಪೇಕ್ಷೆ?"

"ಏನೂ ಬೇಡ," ಅಂದ ಹುಡುಗ. ಹೆಗಲ ಚೀಲದಿಂದ ಗಪ್ಪಿಗಳಿದ್ದ ಪ್ಲಾಸ್ಟಿಕ್ ಚೀಲ, ಒಂದು ಡಬ್ಬಿ ಮೀನಿನ ಕಾಳು ತೆಗೆದು ಅಪ್ಪನ ಕೈಗಿಟ್ಟ. ಇಬ್ಬರೂ ಶಿರಾ ತಿಂದು, ನಮಸ್ಕಾರ ಹೇಳಿ, ಹೊರಟು ಹೋದರು.

ಅವ್ವ ಉಳ್ಳಾಗಡ್ಡಿಯ ಚೀಲವನ್ನು ಎಳೆದುಕೊಂಡು ಒಳಗೆ ನಡೆದಳು. ಅಜ್ಜ ಮಾತ್ರ ಕಿಟಕಿಯಲ್ಲಿ ನಿಂತು, ಅವರ ಸ್ಕೂಟರು ಮರೆಯಾಗುವ ತನಕ ನೋಡುತ್ತಿದ್ದರು.

"ಎಷ್ಟೋ ಮದುವೆಯ ಮಾತಿಗೆ ಕೂತಿದ್ದೇನೆ," ಅಂದರು. "ಇಂಥ ಸಜ್ಜನರನ್ನು ಕಂಡದ್ದು ಇದೇ ಮೊದಲು. ಗಂಡಿನ ಕಡೆಯವರಾಗಿ ಕೈಯಿಂದ ಕೊಟ್ಟು, ಹುಡುಗಿಯನ್ನೂ ನಮಗೇ ಬಿಟ್ಟು ಹೋದರು!"