ಬಯ್ಯಾ ಮಾಳಿಗೆಯ ಮೇಲೆ ನನ್ನ ಪ್ಯಾಕೇಜು

ಈ ವರ್ಷ ಕುಸ್‌ಕುಸ್ ಮಾಡಲು ನಾನು ಮಾಳಿಗೆ ಹತ್ತುವುದಿಲ್ಲ!

ಬೆಳಗಿನ ಕಾಫಿಯ ಮುಂದೆ ಹೀಗೆ ಘೋಷಿಸಿದಾಗ ನನ್ನ ದನಿಯಲ್ಲಿ ಸಾಮ್ರಾಜ್ಞಿಯ ಗತ್ತಿತ್ತು. ಬೇಸಿಗೆ ಬಂತೆಂದರೆ ನಮ್ಮ ಕಡಲತಡಿಯ ಊರು ಮಹ್ದಿಯಾದ ಹೆಂಗಸರೆಲ್ಲ ವರ್ಷಕ್ಕಾಗುವಷ್ಟು ಗೋಧಿ ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉರುಳಿಸಿ, ಜರಡಿ ಹಿಡಿದು, ಹಬೆಯಲ್ಲಿ ಬೇಯಿಸಿ, ಮಾಳಿಗೆಯಲ್ಲಿ ಒಣಗಿಸಬೇಕು. ಗಂಡಸರು? ತಿನ್ನುವ ಕಷ್ಟವನ್ನೆಲ್ಲ ಅವರೇ ವಹಿಸಿಕೊಂಡಿದ್ದಾರೆ, ಪಾಪ!

"ಮತ್ತೆ ಅಮ್ಮನ ಜೊತೆ ಕೂರೋರು ಯಾರು?" ಎಂದ ನನ್ನ ಗಂಡ ಲಮ್ಜೆದ್.

"ನಿನಗೂ ಕೈ ಇದೆಯಲ್ಲ. ಈಗ ತಾನೇ ಬ್ರೆಡ್ ಮುರಿದಿದ್ದನ್ನ ನೋಡಿದೆ."

"ನಿನಗೇನಂಥ ಘನ ಕೆಲಸ?"

"ಸಾರ್ಡೀನ್ ಮೀನು ಎಲ್ಲೆಲ್ಲಿ ಓಡಾಡ್ತವೆ ಅನ್ನೋ ನಕ್ಷೆ ಇವತ್ತು ನಮ್ಮ ಮೀನು ಸಂಶೋಧನಾ ಸಂಸ್ಥೆಗೆ ಕಳಿಸಬೇಕು. ಲ್ಯಾಪ್‌ಟಾಪಿಗೆ ಹೊಸ ಸಾಫ್ಟ್‌ವೇರ್ ಪ್ಯಾಕೇಜ್ ಹಾಕಿಕೊಂಡರೆ ಅದೇ ಬರೆದುಕೊಡುತ್ತೆ. ಒಂದು ಸಾಲು ಟೈಪ್ ಮಾಡೋದು, ಎಂಟರ್ ಒತ್ತೋದು. ಮುಗೀತು!"

"ಒಂದು ಸಾಲಿಗೆ ಇಡೀ ದಿನ ರಜೆಯಾ? ಸರಿ, ಬಾಜಿ ಕಟ್ಟು. ಇಳಿಹೊತ್ತಿನ ಅಸರ್ ಅಝಾನ್ ಕೂಗೋದರೊಳಗೆ ನೀನು ನಕ್ಷೆ ಕಳಿಸು, ನಾನು ಕುಸ್‌ಕುಸ್ ಒಣಗಹಾಕ್ತೀನಿ. ಸೋತವರಿಗೆ ಪ್ರತಿ ಬೇಸಿಗೆ ಮಾಳಿಗೆ!"

"ಆಯ್ತು!" ಎಂದೆ. ಅತ್ತೆ ಮನೂಬಿಯಾ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ಜರಡಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ಸಾಲು ಟೈಪ್ ಮಾಡಿದೆ. ಎಂಟರ್ ಒತ್ತಿದೆ. ನಕ್ಷೆಯ ಪ್ಯಾಕೇಜು, "ಸೈಪೈ ಅನ್ನೋ ಇನ್ನೊಂದು ಪ್ಯಾಕೇಜ್ ಇಲ್ಲದೆ ನಾನು ಬರೋಲ್ಲ" ಎಂದಿತು. ಸರಿ, ಸೈಪೈಯನ್ನು ಕರೆದೆ. ಅದಕ್ಕೆ ನಮ್‌ಪೈ ಎಂಬ ಮೂರನೆಯದು ಬೇಕಂತೆ. ನಮ್‌ಪೈ ಮನೆಯಲ್ಲೇ ಇತ್ತು, ಆದರೆ ಹಳೆಯದಾಯಿತಂತೆ! ಅದನ್ನು ಸಾಗಹಾಕಿ ಹೊಸದನ್ನು ತಂದರೆ, ಹಳೆಯದರ ಜೊತೆ ಹಾಯಾಗಿದ್ದ ಇನ್ನೊಂದು ಮುಖ ಊದಿಸಿಕೊಂಡಿತು. ಮದುವೆಗೆ ಒಬ್ಬ ಚಿಕ್ಕಮ್ಮನನ್ನು ಕರೆದ ತಪ್ಪಿಗೆ ಇಡೀ ಬಳಗವನ್ನು ಓಲೈಸಬೇಕಾದಂತಾಯಿತು.

ಅಷ್ಟರಲ್ಲಿ ಮೇಲಿಂದ ಲಮ್ಜೆದ್ ನನ್ನನ್ನು ಕೂಗಿದ.

"ದೊರ್ರಾ! ಸಣ್ಣ ಜರಡಿ ಎಲ್ಲಿ?"

"ನಿನ್ನ ಅಮ್ಮ ಪಕ್ಕದಲ್ಲೇ ಇದಾರೆ, ಕೇಳು!"

"ಅವರ ಕೈ ಕೆಲಸದಲ್ಲಿದೆ! ಉಪ್ಪೆಲ್ಲಿ?"

"ಹೋದ ವರ್ಷ ಇದ್ದಲ್ಲೇ!"

"ಹೋದ ವರ್ಷ ಎಲ್ಲಿತ್ತು?"

ಆಗ ನನಗೆ ಜ್ಞಾನೋದಯವಾಯಿತು. ಗಂಡನೂ ಒಂದು ಪ್ಯಾಕೇಜೇ! ಜರಡಿ, ಉಪ್ಪು, ಬಟ್ಟೆ, ಹೆಂಡತಿ ಎಲ್ಲವನ್ನೂ ಮೊದಲು ತಂದುಕೊಡದೆ ಅದು ಕೆಲಸ ಶುರುಮಾಡುವುದಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಪರದೆಯ ಮೇಲಿನ ಗೆರೆ ಇಷ್ಟಿಷ್ಟೇ ಉದ್ದವಾಗಿ, ಕೊನೆಗೂ 'ಅಳವಡಿಕೆ ಯಶಸ್ವಿ' ಎಂದಿತು. ನಾನು ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದೆ. ಅದೇ ಕ್ಷಣಕ್ಕೆ ಲಮ್ಜೆದ್, "ಪೂರ್ತಿ ಹರಡಿಬಿಟ್ಟೆ! ಗೆದ್ದೆ!" ಎನ್ನುತ್ತ ಮೆಟ್ಟಿಲಿಳಿದು ಬಂದ. ಅವನ ಬೆನ್ನಿಗೇ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯಾಕೆ ಬಯ್ಯಾ.

"ದೊರ್ರಾ, ದೇವರು ದೊಡ್ಡವನು ಕಣೇ! ಬೆಳಿಗ್ಗೆ ನಾನು ಹರಡಿದ ಕುಸ್‌ಕುಸ್ ಈಗ ದುಪ್ಪಟ್ಟಾಗಿದೆ! ನಂದು ಸಣ್ಣ ಕಾಳು. ಮೇಲೆ ಬಂದಿರೋದು ದಪ್ಪ ಕಾಳು. ಆಕಾಶದಿಂದ ಬಿತ್ತಾ ಅಂತ ಕೇಳೋಣ ಅಂತ ಬಂದೆ."

ಲಮ್ಜೆದ್ ಮುಖ ರವೆಯಂತೆ ಬೆಳ್ಳಗಾಯಿತು. "ಬಿಳಿ ಬಟ್ಟೆ ಮೇಲೆ ಆಗಲೇ ಒಂದಿಷ್ಟು ಹರಡಿತ್ತು... ಅಮ್ಮನೇ ಹರಡಿದ್ದು ಅಂದ್ಕೊಂಡೆ..."

ನಮ್ಮ ಮಾಳಿಗೆಗೂ ಬಯ್ಯಾ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ. ಅದನ್ನು ದಾಟಿ ಹೋಗಿ ಸುರಿದು ಬಂದಿದ್ದಾನೆ! ಇದೇ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ತನ್ನ ಮಾಳಿಗೆ ಎಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಡುಗೆ ನಮ್ಮದು, ಪಾತ್ರೆ ಪಕ್ಕದವರದು! ನಿಂತು ನೋಡು, ಗೆಲ್ಲೋದು ಅಂದ್ರೆ ಹೇಗೆ ಅಂತ" ಎಂದು ಗತ್ತಿನಿಂದ ನಕ್ಷೆಯ ಪ್ರೋಗ್ರಾಮ್ ಓಡಿಸಿದೆ.

'ಅಂಥ ಪ್ಯಾಕೇಜು ಇಲ್ಲಿ ಇಲ್ಲ' ಎಂದಿತು ಪರದೆ.

ಮತ್ತೆ ಓಡಿಸಿದೆ. ಇಲ್ಲ! ಬೆವರುತ್ತ ಸಹೋದ್ಯೋಗಿ ಇಮೆನ್‌ಗೆ ಫೋನ್ ಮಾಡಿದೆ. ಅವಸರದಲ್ಲಿ ಸ್ಪೀಕರ್ ಒತ್ತಿಬಿಟ್ಟಿದ್ದೆ.

"ಅಯ್ಯೋ ದೊರ್ರಾ, ನಿನ್ನ ಲ್ಯಾಪ್‌ಟಾಪಲ್ಲಿ ಪ್ಯಾಕೇಜುಗಳನ್ನ ಓಡಿಸೋ ಪೈಥಾನ್ ಎರಡಿವೆಯಲ್ಲೇ! ಹಳೇದೊಂದು, ಹೊಸದೊಂದು. ನೀನು ಎಲ್ಲಾನೂ ಹಳೇದರೊಳಗೆ ತುಂಬಿದ್ದೀಯ. ನಕ್ಷೆ ಬರೆಯೋದು ಹೊಸದು. ಅದಕ್ಕೆ ಹೇಗೆ ಸಿಗುತ್ತೆ?"

ಲಮ್ಜೆದ್ ಬಹಳ ವಿನಯದಿಂದ ಕೇಳಿದ:

"ಅಂದ್ರೆ ನಿನ್ನ ಸಾಮಾನೂ ಬಯ್ಯಾ ಮಾಳಿಗೆ ಮೇಲಿದೆ ಅಂತಲೋ?"

ನಾನು ತಲೆ ತಗ್ಗಿಸಿ ಅದೇ ಸಾಲನ್ನು ಹೊಸ ಪೈಥಾನಿಗಾಗಿ ಟೈಪ್ ಮಾಡಿದೆ. ಗೆರೆ ಮತ್ತೆ ಮೊದಲಿನಿಂದ ತೆವಳತೊಡಗಿತು. ಹಿಂದೆ ಅತ್ತೆ ನಿಂತಿದ್ದರು. ಮೊಣಕೈವರೆಗೂ ರವೆ. ಬೆಳಗಿನಿಂದ ಅಷ್ಟೂ ಕುಸ್‌ಕುಸ್ ಉರುಳಿಸಿದ್ದು ಆ ಕೈಗಳು. ಬಾಜಿ ಕಟ್ಟುವಾಗ ನಾವಿಬ್ಬರೂ ಅವರನ್ನು ಒಂದು ಮಾತೂ ಕೇಳಿರಲಿಲ್ಲ.

"ಈ ಗೆರೆ ತುಂಬೋವರೆಗೂ ನೀನೇನು ಮಾಡ್ಬೇಕು?" ಎಂದರು.

"ಏನಿಲ್ಲ ಅತ್ತೆ. ನೋಡ್ತಾ ಕೂರಬೇಕು."

"ಅಷ್ಟೇನಾ? ಏಳು ಹಾಗಾದ್ರೆ. ಇಬ್ಬರೂ ಮೇಲೆ ಹೋಗಿ ಬಯ್ಯಾದು, ನಮ್ದು ಬೇರೆ ಮಾಡಿ."

ಹೋದೆವು. ಉರಿಬಿಸಿಲಲ್ಲಿ ಗಂಡ ಹೆಂಡತಿ ಒಂದೇ ಜರಡಿಯ ಎರಡು ತುದಿ ಹಿಡಿದು ದಪ್ಪ ಕಾಳು, ಸಣ್ಣ ಕಾಳು ಬೇರ್ಪಡಿಸುತ್ತಿದ್ದಾಗ ಅಸರ್ ಅಝಾನ್ ಮೊಳಗಿತು. ಅದರ ಹಿಂದೆಯೇ ಕೆಳಗಿನಿಂದ ಅತ್ತೆಯ ದನಿ:

"ದೊರ್ರಾ, ಗೆರೆ ಅರ್ಧ ಆಯ್ತು! ಅಬ್ಬಾ, ಎಂಥಾ ಕಷ್ಟದ ಕೆಲಸವೇ ನಿಂದು! ಮುಂದಿನ ಬೇಸಿಗೆಯಿಂದ ಇದನ್ನ ನಾನೇ ಮಾಡ್ತೀನಿ. ಲಮ್ಜೆದ್, ಇಳಿದು ಬಂದು ಒಂದು ಲೋಟ ಟೀ ಮಾಡಿಕೊಡೋ. ನನಗೆ ಏಳೋಕಾಗಲ್ಲ, ಕೆಲಸದಲ್ಲಿದೀನಿ!"