ಷಡ್ಡಕನ ಕಂಬ

ಬಟ್ಟೆ ಒಗೆಯುವ ಮಷಿನ್ ಕೆಟ್ಟು ವಾರವಾಗಿತ್ತು. ಅವನಿಗೆ ಅದರ ಚಿಂತೆಯಿಲ್ಲ. ಷಡ್ಡಕನ ಕಂಬ ತನ್ನದಕ್ಕಿಂತ ಎತ್ತರವಿದೆಯೆಂದು ಹೊಟ್ಟೆ ಉರಿಯುತ್ತಿತ್ತು.

ಇಬ್ಬರೂ ಮನೆಯಲ್ಲೇ ಕೂತು ಕಂಪ್ಯೂಟರ್ ಆಟ ತಯಾರಿಸುವವರು. ಇವನ ಆಟ ಬಸವನಹುಳುಗಳ ಓಟ, ಹೆಂಡತಿಯ ಅಕ್ಕನ ಗಂಡನದು ಕೊಡೆ ರಿಪೇರಿ. ಒಂದು ವೆಬ್‌ಸೈಟು ಇಂಥ ಐದಾರು ಆಟಗಳನ್ನು ಒಟ್ಟಿಗೆ ಗಂಟು ಕಟ್ಟಿ ಮಾರಾಟಕ್ಕಿಟ್ಟಿತ್ತು. ಬೆಲೆ ಕೊಳ್ಳುವವರ ಇಷ್ಟ. ಯಾರ ಆಟಕ್ಕೆ ಎಷ್ಟು ಸೇರಬೇಕೆಂಬುದೂ ಅವರಿಷ್ಟ. ಯಾರಿಗೆಷ್ಟು ಬಂತೆಂದು ತೋರಿಸುವ ಬಣ್ಣದ ಕಂಬಗಳು ಪುಟದಲ್ಲಿ ಬೆಳೆಯುತ್ತಿದ್ದವು. ಮಾರಾಟದ ಕೊನೆಯ ದಿನ ಬೆಳಗ್ಗೆ ಕೊಡೆಯ ಕಂಬ ಒಂದು ಬೆರಳು ಮೇಲಿತ್ತು.

ಹರಿದ ಕೊಡೆ ಹೊಲಿಯುವುದಕ್ಕೂ ದುಡ್ಡು ಕೊಡುವ ಜನರಿದ್ದಾರೆಯೇ? ಅವನು ಬಾಗಿಲು ಹಾಕಿಕೊಂಡು, 'ಅಭಿಮಾನಿ' ಎಂಬ ಹೆಸರಿನಲ್ಲಿ ತಾನೇ ಒಂದು ಗಂಟು ಕೊಂಡು, ಹಣವೆಲ್ಲ ಹುಳುಗಳಿಗೇ ಸೇರಲಿ ಎಂದ. ಕಾರ್ಡಿನ ಸಾಲ ಏರಿತು, ಕಂಬವೂ ಏರಿತು. ವೆಬ್‌ಸೈಟಿನವರ ಪಾಲು ಕಳೆದು ಎಷ್ಟು ಮರಳೀತೆಂದು ಯೋಚಿಸಲೇ ಇಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಗೆ ತೋರಿಸಿ, ಅಕ್ಕನಿಗೂ ಹೇಳು ಎಂದು ಮೀಸೆ ತಿರುವಿದ.

ಕಾಫಿ ಕುಡಿದು ಬರುವಷ್ಟರಲ್ಲಿ ಕೊಡೆ ಮತ್ತೆ ಮೇಲೆ. ಇವನು ಇನ್ನೂ ದೊಡ್ಡ ಮೊತ್ತಕ್ಕೆ ಕೊಂಡ, ಮತ್ತೆ ಹೆಂಡತಿಯ ಮುಂದೆ ಕೊಚ್ಚಿಕೊಂಡ. ಸ್ವಲ್ಪ ಹೊತ್ತಿಗೇ ಕೊಡೆ ಅದನ್ನೂ ದಾಟಿತು. ಮಧ್ಯಾಹ್ನ ಊಟ ಬಿಟ್ಟು ಅಂಕಿಗಳನ್ನೆಲ್ಲ ಜಾಲಾಡಿದವನಿಗೆ ಗುಟ್ಟು ಹೊಳೆಯಿತು: ತನ್ನ ಕಂಬ ಏರಿದಾಗಲೆಲ್ಲ ಅದರ ಬೆನ್ನಿಗೇ ಷಡ್ಡಕನದೂ ಏರುತ್ತಿದೆ. ಅಂದರೆ ಆ ಮಾನಗೆಟ್ಟವನು ತನ್ನ ಆಟವನ್ನು ತಾನೇ ಕೊಳ್ಳುತ್ತಿದ್ದಾನೆ! ಮನುಷ್ಯ ಇಷ್ಟು ಕೆಳಗಿಳಿಯಬಹುದೇ ಎಂದು ಅವನಿಗೆ ನಿಜವಾಗಿಯೂ ಬೇಸರವಾಯಿತು.

ಫೋನ್ ಮಾಡಿ ಕೇಳಿಯೇಬಿಟ್ಟ.

"ಅಲ್ಲಪ್ಪಾ, ನನ್ನ ಹತ್ರ ಅಷ್ಟು ದುಡ್ಡೆಲ್ಲಿದೆ? ಯಾರೋ ಪುಣ್ಯಾತ್ಮರು ಮೆಚ್ಚಿ ಕೊಡ್ತಿದಾರೆ," ಅಂದ ಷಡ್ಡಕ.

ನಿಜವಾದ ಅಭಿಮಾನಿ! ಇದು ಕಳ್ಳತನಕ್ಕಿಂತ ಹೆಚ್ಚು ಉರಿಸಿತು. ಕಾರ್ಡು ಇನ್ನು ಆಗದು ಎನ್ನುವವರೆಗೆ ಕೊಂಡ. ಸಂಜೆ ಮಾರಾಟ ಮುಗಿದಾಗ ಕೊಡೆಯೇ ಮೇಲಿತ್ತು.

ಸೋತು ಬಂದವನು, "ಹೋಗಲಿ, ನಾಳೆ ಹೊಸ ಮಷಿನಾದರೂ ತರೋಣ, ಅದಕ್ಕೆಂದು ನೀನು ಕೂಡಿಟ್ಟ ದುಡ್ಡು ತೆಗೆ," ಎಂದ. ಹೆಂಡತಿ ತಲೆ ತಗ್ಗಿಸಿದಳು.

"ಬೈಬೇಡಿ ರೀ. ನೀವು ಗೆದ್ದೆ ಗೆದ್ದೆ ಅಂದಾಗೆಲ್ಲ ಅಕ್ಕ ಫೋನಲ್ಲಿ ಅಳ್ತಿದ್ಲು. ನಿಮಗೇನು, ಅಷ್ಟು ದೊಡ್ಡ ಅಭಿಮಾನಿ ಇದಾನೆ. ಪಾಪ, ಭಾವನಿಗೆ ಯಾರಿದಾರೆ? ಅದಕ್ಕೆ ಮಷಿನ್ ದುಡ್ಡು ಕೊಡೆಗೆ ಹಾಕ್ದೆ."

ಬೈಯಬೇಕೆಂದರೆ ಆ ಅಭಿಮಾನಿ ಯಾರೆಂದು ಹೇಳಬೇಕು. ಕಳ್ಳನಿಗೆ ಚೇಳು ಕುಟುಕಿದಂತಾಯಿತು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ವ್ಯಾಪಾರ ಜೋರಾಗಿದ್ದಕ್ಕೆ ಯಜಮಾನರು ಬಟ್ಟೆ ಒಗೆಯುವ ಹೊಸ ಮಷಿನ್ ಬುಕ್ ಮಾಡಿದ್ದಾರಂತೆ.

"ನಿಮ್ಮದು ಕೆಟ್ಟಿದೆಯಲ್ಲ, ಸಂಕೋಚ ಬೇಡ," ಎಂದಳು ಅಕ್ಕ. "ಬಟ್ಟೆ ಇಲ್ಲಿಗೇ ತಂದು ಒಗ್ಕೊಂಡು ಹೋಗಿ."