ಹುಳುಮನೆಯಲ್ಲಿ ಹಿಡಿದ ದೆವ್ವದ ದನಿ

ಓದುಗರೆಲ್ಲರಿಗೂ ನಮಸ್ಕಾರ. ತಡವಾಗಿ ಶಾಲೆ ಸೇರಿದವನು ನಾನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಭಾವ ಕಟ್ಟಿಕೊಂಡ ಹೆಂಡತಿಯನ್ನು ಬದುಕಿರುವಾಗಲೇ ದೆವ್ವ ಮಾಡಿದವರು! ಗಾಬರಿಯಾಗಬೇಡಿ, ಅಕ್ಕ ಗಟ್ಟಿಮುಟ್ಟಾಗಿಯೇ ಇದ್ದಾಳೆ.

ತೊಂಬತ್ತರ ದಶಕದ ಕೊನೆಯ ಮಾತು. ಶಿಡ್ಲಘಟ್ಟದಲ್ಲಿ ಭಾವ ಲಗ್ನಪತ್ರಿಕೆ ಮಾಡಲೆಂದು ಕಂಪ್ಯೂಟರ್ ತಂದರು. ಮಾಡಿದ್ದೇನು? ಪಾಳುಬಂಗಲೆಯ ಹಳೇ ಆಟವೊಂದನ್ನು ಆಡುತ್ತಾ ಕೂತರು. ಅದರಲ್ಲಿ ಹೆಣ್ಣುದೆವ್ವಗಳ ಹಾಡು ಬರಬೇಕಾದ ಕಡೆ ಬರೀ ಸೊಳ್ಳೆಯ ಗುಂಯ್!

"ಆಟದೊಳ್ಗೆ ಯಾವ ವಾದ್ಯ, ಯಾವ ಸ್ವರ ಅಂತ ಬರ್ದಿರೋದಷ್ಟೇ ಕಣಪ್ಪ. ದನಿ ನಾವು ಕೊಡ್ಬೇಕು. ಇದನ್ನ ಮಾಡ್ದೋರತ್ರ ಎಲ್ಲಾ ದನಿ ಹೊರಡ್ಸೋ ದೊಡ್ಡ ಮಿಷನ್ನು, ಸಿಂಥಸೈಜರ್ ಇತ್ತು. ನಮ್ಮತ್ರ ನಿಮ್ಮಕ್ಕ ಇದಾಳಲ್ಲ!" ಎಂದರು ಭಾವ.

ಆಗ ಅಕ್ಕನ ಗಂಟಲಲ್ಲಿ ಗಡ್ಡೆ. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಮನೆಯವರೆಲ್ಲ ದೇವರಿಗೆ ಕೈಮುಗಿಯುತ್ತಿದ್ದರೆ, ಈ ಮಹಾರಾಯರು ಟೇಪ್ ರೆಕಾರ್ಡರ್ ಹಿಡಿದು ಹೆಂಡತಿಯ ಹಿಂದೆ!

ಸದ್ದಿಲ್ಲದ ಜಾಗ ಬೇಕಲ್ಲ? ರೇಷ್ಮೆ ಹುಳು ಸಾಕುವ ಮನೆಯೇ ಸರಿ ಎಂದರು. ಅಲ್ಲಿ ಕತ್ತಲು, ತಂಪು, ಹೊರಗಿನವರು ಕಾಲಿಡುವಂತಿಲ್ಲ. ನಾನು ಬಾಗಿಲ ಸಂದಿಗೆ ಕಿವಿಯಿಟ್ಟೆ. ಒಳಗೆ ಅಕ್ಕ ಒಂದೊಂದೇ ಸ್ವರ ಹಿಡಿದು "ಆ…" ಎನ್ನುತ್ತಿದ್ದಳು. ಕೈಮೇಲಿನ ಕೂದಲು ನೆಟ್ಟಗಾಯಿತು!

"ಒಂದೇ ಸಮ ನಿಲ್ಸೇ, ಎಳೀಬೇಡ."

"ಜೋಗುಳ ಹಾಡಿದ್ ಗಂಟ್ಲು ಕಣ್ರೀ, ತಾನಾಗೇ ಎಳ್ಕೊಂಡ್ ಹೋಗ್ತದೆ. ನಾನೇನು ನಿಮ್ ಮಿಷನ್ನಾ?"

ಆ ದನಿಯನ್ನು ಕಂಪ್ಯೂಟರಿಗೆ ತುಂಬಿ ಸೊಳ್ಳೆಯ ಜಾಗದಲ್ಲಿ ಕೂರಿಸಿದರು. ಪಾಳುಬಂಗಲೆಯಲ್ಲಿ ಹತ್ತಾರು ಅಕ್ಕಂದಿರು ಒಟ್ಟಿಗೆ ನರಳಿದರು. ಅವರ ಬೆನ್ನಿಗೇ ಯಾರೋ ಚರಚರ ಅಗಿಯುವ ಸದ್ದು! ನಮ್ಮಮ್ಮ ಎದ್ದೇಬಿಟ್ಟಳು.

"ಅಯ್ಯೋ, ದೆವ್ವ ಏನೋ ತಿಂತೈತೆ ಕಣೋ!"

ಸೊಪ್ಪು ತಿನ್ನುತ್ತಿದ್ದ ಹುಳುಗಳು! ಪ್ರತಿ ಸ್ವರದ ಹಿಂದೆಯೂ ಅವೇ. ಪೊರೆ ಬಿಡುವಾಗ ಹುಳುಗಳು ತಿನ್ನುವುದಿಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಜ್ವರ ಬರ್ಲಿ, ಮತ್ತೆ ಹಿಡಿಯಣ" ಎಂದರು ಭಾವ. ಹೆಂಡತಿಯ ಆಸ್ಪತ್ರೆ ಚಿಂತೆ ಬಿಟ್ಟು ಹುಳುಗಳ ಜ್ವರಕ್ಕೆ ಕಾಯುವ ಗಂಡಸನ್ನು ನೀವು ಕಂಡಿದ್ದೀರಾ?

ಜ್ವರಕ್ಕೆ ಮೊದಲೇ ಆಸ್ಪತ್ರೆಯಿಂದ ಕರೆ ಬಂತು.

ಅಕ್ಕ ಉಳಿದಳು. ದನಿ ಉಳಿಯಲಿಲ್ಲ.

ಆ ಆಟವನ್ನು ಭಾವ ಇವತ್ತಿಗೂ ಮುಗಿಸಿಲ್ಲ. ಬಂಗಲೆಯ ಬಾಗಿಲು ತೆರೆದರೆ ಹಾಡು ನಿಂತುಹೋಗುತ್ತದೆ, ಅದಕ್ಕೆ. ಬಾಗಿಲ ಮುಂದೆಯೇ ಆಡುವುದು ಬಿಟ್ಟು, ಹಾಡು ಕೇಳುತ್ತಾ ಕಣ್ಣು ಮುಚ್ಚಿ ಕೂರುತ್ತಾರೆ. ಊಟಕ್ಕೆ ಕೂಗಲು ಅಕ್ಕನಿಗೆ ದನಿಯಿಲ್ಲ. ಹಿಂದಿನಿಂದ ಬಂದು, ಅವರ ಹೆಗಲ ಮೇಲಿಂದ ಕೈ ಚಾಚಿ, ತಾನೇ ಗುಂಡಿ ಒತ್ತಿ ಬಾಗಿಲು ತೆಗೆದುಬಿಡುತ್ತಾಳೆ. ಅವಳ ಹಾಡು ತಟ್ಟನೆ ನಿಲ್ಲುತ್ತದೆ.

"ಬಂದೆ ಕಣೇ" ಎಂದು ಭಾವ ಏಳುತ್ತಾರೆ.

ನಿಮ್ಮ ಮನೆಯಲ್ಲಿ ಊಟಕ್ಕೆ ಹೇಗೆ ಕರೆಯುತ್ತಾರೆ? ಬರೆದು ತಿಳಿಸಿ.